ಮೂವತ್ತೊಂದನೆಯ ಕಂತು

ಮರಳೂರಿನಲ್ಲಿ ನಮ್ಮ ಮನೆಗೂ ಗಂಗಾಂಬಿಕೆಯ ಮನೆಗೂ ನಡುವೆ ಒಂದೇ ಗೋಡೆ. ಅವಳಿಗೆ ಈಗ ಐವತ್ತಾರು ವರ್ಷ. ಮದುವೆಯಾಗಲಿಲ್ಲ. ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಾಳೆ. ತಮ್ಮ ಚನ್ನೇಶ್ ಅವಳಿಗಿಂತ ಆರು ವರ್ಷ ಚಿಕ್ಕವನು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಅವನ ಎರಡು ಕಾಲೂ ಹೋದವು. ಬಟವಾಡಿಯಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ ಇದೆ. ಮೂರು ಚಕ್ರದ ಸ್ಕೂಟರಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ.

ಈ ಇಬ್ಬರ ಮನೆಯಲ್ಲಿ ಮೂರನೆಯವರ ಹಾಗೆ ಇದ್ದದ್ದು ಒಂದು ಪುಸ್ತಕ. ಪುಸ್ತಕ ಎಂದರೆ ಅಂಗಡಿಯಲ್ಲಿ ಕೊಂಡದ್ದಲ್ಲ. ಸುಮಾರು ನಲವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯನ್ನು ಕಂತು ಕಂತಾಗಿ ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ರಟ್ಟು ಹಾಕಿದ್ದು. ಐವತ್ತೆರಡು ಕಂತು. ಹೆಸರು ‘ಕಲ್ಲುಹಕ್ಕಿಯ ದಾರಿ’. ಬರೆದವರು ರಾಮಾಂಜಿನಯ್ಯ ಎನ್ನುವ ಅಂಚೆ ಇಲಾಖೆಯ ನೌಕರರು. ಅವರು ಅದೊಂದನ್ನೇ ಬರೆದು ತೀರಿಕೊಂಡರು. ಪತ್ರಿಕೆಯೂ ನಿಂತುಹೋಯಿತು. ಯಾರೂ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಲಿಲ್ಲ.

ಕಥೆ ಹೀಗೆ. ಒಂದು ಊರಿನ ಜನರ ಮಾತೆಲ್ಲ ಒಂದು ಕಲ್ಲಿನ ಹಕ್ಕಿಯೊಳಗೆ ಸಿಕ್ಕಿಕೊಂಡುಬಿಡುತ್ತದೆ. ಊರು ಮೂಕವಾಗುತ್ತದೆ. ಸೋನೆ ಎಂಬ ಹುಡುಗಿ ಆ ಹಕ್ಕಿಯನ್ನು ತಲೆಯ ಮೇಲೆ ಹೊತ್ತು ಏಳನೆಯ ಬೆಟ್ಟಕ್ಕೆ ನಡೆಯಬೇಕು. ದಾರಿಯಲ್ಲಿ ಎಲ್ಲಿಯೂ, ಒಂದು ಗಳಿಗೆಯೂ ಅದನ್ನು ಕೆಳಗಿಡಬಾರದು. ಉಣ್ಣುವಾಗಲೂ ಮಲಗುವಾಗಲೂ ಹಕ್ಕಿ ತಲೆಯ ಮೇಲೇ ಇರಬೇಕು. ಕಾಡು ಅವಳೊಂದಿಗೆ ಮಾತಾಡುತ್ತದೆ, ಉಪ್ಪಿನ ಅರಸರು ದಾರಿ ಕಟ್ಟುತ್ತಾರೆ, ನೆರಳು ಮಾರುವವರು ಬರುತ್ತಾರೆ. ಸೋನೆ ಹೊತ್ತೇ ಇರುತ್ತಾಳೆ.

ಈ ಕಥೆ ಬರುತ್ತಿದ್ದಾಗ ಅವರು ಗುಬ್ಬಿಯಲ್ಲಿದ್ದರು. ತಂದೆ ರುದ್ರಯ್ಯ ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುತ್ತಿದ್ದರು. ಪತ್ರಿಕೆಯನ್ನು ಅವರ ಬೀದಿಯ ಆರು ಮನೆ ಸೇರಿ ಕೊಳ್ಳುತ್ತಿದ್ದವು. ಒಂದೊಂದು ದಿನ ಒಂದೊಂದು ಮನೆ. ಕೊನೆಯ ಮನೆಯವರು ಅದನ್ನು ಇಟ್ಟುಕೊಳ್ಳಬಹುದು, ಕತ್ತರಿಸಬಹುದು. ರುದ್ರಯ್ಯ ಎಲ್ಲರಿಗಿಂತ ಕಡಿಮೆ ಕೊಡುತ್ತಿದ್ದರಿಂದ ಅವರ ಮನೆಗೆ ಕೊನೆಯ ಸರದಿ. ಹಾಗಾಗಿ ಕತ್ತರಿಸುವ ಭಾಗ್ಯ ಗಂಗಾಂಬಿಕೆಯದಾಯಿತು.

ಅವಳಿಗೆ ಆಗ ಹದಿನಾಲ್ಕು, ಚನ್ನೇಶನಿಗೆ ಎಂಟು. ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟುಬರುವುದು ಅವಳ ಕೆಲಸ. ಹೋಗುತ್ತಾ ಬರುತ್ತಾ ಅವನು ಕಥೆ ಹೇಳಿಸಿಕೊಳ್ಳುತ್ತಿದ್ದ.

‘ನಾನು ಹಕ್ಕಿ, ನೀನು ಸೋನೆ. ಕೆಳಗೆ ಬುಟ್ಟೀಯ ಕಣೇ, ಬುಟ್ರೆ ಊರೆಲ್ಲಾ ಮೂಕ ಆಯ್ತದೆ’ ಎನ್ನುತ್ತಿದ್ದ.

‘ಮೊದ್ಲು ನೀನು ಮೂಕ ಆಗು, ಕತ್ತು ನೋಯ್ತದೆ’ ಎನ್ನುತ್ತಿದ್ದಳು ಅವಳು.

ಆ ವರ್ಷ ಅವಳನ್ನು ಎಂಟನೆಯ ತರಗತಿಯಿಂದ ಬಿಡಿಸಿದರು. ರುದ್ರಯ್ಯ ಕೆಟ್ಟ ಮನುಷ್ಯನಲ್ಲ. ‘ಅವ್ನು ಓದ್ಲಿ ಮಗ. ಕಾಲಿಲ್ದವ್ನಿಗೆ ಓದಾದ್ರೂ ಇರ್ಲಿ. ನೀನು ಜೊತೇಲಿದ್ದು ಕರ್ಕೊಂಡೋಗಿ ಕರ್ಕೊಂಡ್ಬಾ’ ಎಂದರಂತೆ. ಅಂದಿನಿಂದ ಅವಳು ತಮ್ಮನನ್ನು ತರಗತಿಯಲ್ಲಿ ಕೂರಿಸಿ, ಸಂಜೆಯ ತನಕ ಶಾಲೆಯ ಜಗಲಿಯ ಮೇಲೆ ಕೂತಿರುತ್ತಿದ್ದಳು. ಮೂತ್ರಕ್ಕೆ ಅವನನ್ನು ಎತ್ತಿಕೊಂಡು ಹೋಗಬೇಕಿತ್ತು. ಉಳಿದ ಹೊತ್ತು ಒಳಗಿನ ಪಾಠ ಕಿವಿಗೆ ಬೀಳುತ್ತಿತ್ತು. ಅವಳ ಸಂಗಡಿಗರು ಎದುರಿನ ಹೈಸ್ಕೂಲಿನಿಂದ ಹೊರಬರುವಾಗ ಅವಳು ಕಂಬದ ಆಚೆ ಸರಿದು ಕೂರುತ್ತಿದ್ದಳಂತೆ.

ಆಗಲೇ ಮೂವತ್ತೊಂದನೆಯ ಕಂತು ಕಳೆದುಹೋದದ್ದು. ನಾಲ್ಕನೆಯ ಮನೆಯ ಮಹಾಲಕ್ಷ್ಮಮ್ಮ ಮಗಳನ್ನು ಗಂಡನ ಮನೆಗೆ ಕಳಿಸುವ ಗಡಿಬಿಡಿಯಲ್ಲಿ ಆ ವಾರದ ಪತ್ರಿಕೆಯಲ್ಲಿ ಚಕ್ಕುಲಿ ಕಟ್ಟಿ ಕೊಟ್ಟುಬಿಟ್ಟಿದ್ದರು. ಗಂಗಾಂಬಿಕೆ ಹೋಗಿ ಕೇಳಿದಾಗ ಆಕೆಗೆ ನಿಜಕ್ಕೂ ಬೇಜಾರಾಯಿತು.

‘ಅಯ್ಯೋ, ತಲೇಲೇ ಇರ್ಲಿಲ್ಲ ಕಣೇ. ಚಕ್ಕುಲಿ ಈಗ ತಿಪಟೂರು ಸೇರಿರ್ತದೆ.’

‘ಕಥೆ ಓದಿದ್ರಾ ಅಮ್ಮ? ಏನಾಗ್ತದೆ?’

‘ನಾನು ಅಡುಗೆ ಪುಟ ನೋಡ್ತೀನಿ ಅಷ್ಟೇಯ. ಏನೋ ಹೊಳೆ ಅಂತ ಇತ್ತು ನೋಡು.’

ಮೊದಲ ಮೂರು ಮನೆಯಲ್ಲಿ ಓದುತ್ತಿದ್ದವರು ಗಂಡಸರು. ಅವರು ರಾಜಕೀಯ ಮತ್ತು ವಾರಭವಿಷ್ಯ ಬಿಟ್ಟು ಬೇರೆ ಪುಟ ತಿರುವುತ್ತಿರಲಿಲ್ಲ. ಏಜೆಂಟನ ಬಳಿ ಪ್ರತಿ ಉಳಿದಿರಲಿಲ್ಲ. ಹಿಂದಿನ ಕಂತು ನಿಂತಿದ್ದದ್ದು ಹೊಳೆಯ ದಡದಲ್ಲಿ. ಅಂಬಿಗ ‘ಹಕ್ಕಿಯನ್ನು ಕೆಳಗಿಟ್ಟು ದೋಣಿ ಹತ್ತು’ ಎನ್ನುತ್ತಾನೆ, ಅಲ್ಲಿಗೆ ಮುಗಿದಿತ್ತು. ಮರುವಾರ ಮೂವತ್ತೆರಡನೆಯ ಕಂತು ಬಂತು. ಅದರ ಮೊದಲ ಸಾಲಿನಲ್ಲೇ ಸೋನೆ ಆಚೆಯ ದಡದಲ್ಲಿದ್ದಳು. ತಲೆಯ ಮೇಲೆ ಹಕ್ಕಿ ಇತ್ತು, ಆದರೆ ಕೂದಲೆಲ್ಲ ಬೆಳ್ಳಗಾಗಿತ್ತು.

ಚನ್ನೇಶ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಹೊಳೆ ಹೆಂಗೆ ದಾಟಿದ್ಲು? ಕೂದ್ಲು ಯಾಕೆ ಬೆಳ್ಳಗಾಯ್ತು?’ ಇದೇ ಪ್ರಶ್ನೆ. ಮೂರನೆಯ ದಿನ ಗಂಗಾಂಬಿಕೆ ಶಾಲೆಯ ಜಗಲಿಯ ಮೇಲೆ ಕೂತು, ಅವನ ನೋಟ್‌ಬುಕ್ಕಿನ ಎಂಟು ಹಾಳೆಯಲ್ಲಿ, ತಾನೇ ಆ ಕಂತು ಬರೆದಳು. ಅಂಬಿಗ ಸೋನೆಗೆ ಹೇಳುತ್ತಾನೆ: ನೀನು ದಾಟುವಷ್ಟು ಹೊತ್ತು ಹಕ್ಕಿಯನ್ನು ಹೊಳೆ ಹೊರುತ್ತದೆ, ಬದಲಿಗೆ ನಿನ್ನ ಕೂದಲಿನ ಕಪ್ಪು ಕೊಡು. ಸೋನೆ ಒಪ್ಪುತ್ತಾಳೆ. ಹಕ್ಕಿಯನ್ನು ನೀರಿನ ಮೇಲೆ ಇಡುತ್ತಾಳೆ. ದೋಣಿಯಲ್ಲಿ ಕಾಲು ಚಾಚಿ ಮಲಗುತ್ತಾಳೆ. ಕತ್ತು ಹಗುರಾಗುತ್ತದೆ. ಮೇಲೆ ಆಕಾಶ ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು, ಈಗ ಕಾಣುತ್ತದೆ.

‘ಲೈಬ್ರರೀಲಿ ಆ ವಾರದ್ದು ಇತ್ತು. ಕೂತ್ಕೊಂಡು ನೋಡಿ ಬರ್ದೆ’ ಎಂದು ತಮ್ಮನಿಗೆ ಹೇಳಿದಳು. ಅವನು ಅಂದು ಎರಡು ಮುದ್ದೆ ಉಂಡ. ಆ ಎಂಟು ಹಾಳೆಗಳೂ ಉಳಿದವುಗಳ ಜೊತೆ ಹೊಲಿಗೆಯೊಳಗೆ ಸೇರಿಕೊಂಡವು. ಚನ್ನೇಶನಿಗೆ ಇಡೀ ಕಾದಂಬರಿಯಲ್ಲಿ ಆ ಕಂತೇ ಹೆಚ್ಚು ಇಷ್ಟವಾಯಿತು. ಪ್ರತಿ ವರ್ಷ ಶ್ರಾವಣದಲ್ಲಿ ಅವರು ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದುವ ಪದ್ಧತಿ ಇಟ್ಟುಕೊಂಡಿದ್ದರು, ಬೇರೆಯವರ ಮನೆಯಲ್ಲಿ ಪುರಾಣ ಓದುವ ಹಾಗೆ. ಮೂವತ್ತೊಂದನೆಯ ಕಂತಿನ ದಿನ ಅವನು ಪಾಯಸ ಮಾಡಿಸುತ್ತಿದ್ದ. ಪಾಯಸದ ಲೋಟ ಗೋಡೆಯ ಮೇಲಿಂದ ನಮ್ಮ ಮನೆಗೂ ಬರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಚಿತ್ರತಂಡ ಈ ಕಾದಂಬರಿಯ ಹಕ್ಕು ಕೊಂಡಿತು. ರಾಮಾಂಜಿನಯ್ಯನವರ ಮಗಳ ಹತ್ತಿರ ಹಕ್ಕು ಇತ್ತು, ಕಥೆ ಪೂರ್ತಿ ಇರಲಿಲ್ಲ. ಹಳೆಯ ಓದುಗರು ಫೇಸ್‌ಬುಕ್ಕಿನಲ್ಲಿ ಕಟ್ಟಿಕೊಂಡಿದ್ದ ಒಂದು ಗುಂಪಿನಲ್ಲಿ ‘ಯಾರ ಬಳಿಯಾದರೂ ಎಲ್ಲ ಕಂತುಗಳೂ ಇವೆಯೇ’ ಎಂದು ಕೇಳಿದರು. ಚನ್ನೇಶ್ ಅರ್ಧ ಗಂಟೆಯೊಳಗೆ ‘ಇದೆ’ ಎಂದು ಬರೆದ.

ನಂದಿತಾ ಎನ್ನುವ ಹುಡುಗಿ ಬಂದಳು. ಚಿತ್ರಕಥೆ ಬರೆಯುವವರಿಗೆ ಸಹಾಯಕಿ. ಬಟವಾಡಿಯ ಅಂಗಡಿಯಲ್ಲೇ ಎಲ್ಲ ಪುಟವನ್ನೂ ಸ್ಕ್ಯಾನ್ ಮಾಡಿ, ಊಟಕ್ಕೆ ಮನೆಗೆ ಬಂದಳು. ಅಂದು ನಾನೂ ಬಡಿಸುವುದಕ್ಕೆ ಹೋಗಿದ್ದೆ.

‘ಮೇಡಂ, ಈ ಎಂಟು ಪೇಜ್ ಹ್ಯಾಂಡ್‌ರೈಟಿಂಗ್‌ನಲ್ಲಿದೆ. ಇದು ಒರಿಜಿನಲ್ಲೇ ಅಲ್ವಾ?’ ಎಂದು ಕೇಳಿದಳು.

ಗಂಗಾಂಬಿಕೆ ಸಾರಿನ ಸೌಟು ಹಿಡಿದು ನಿಂತಿದ್ದಳು. ಚನ್ನೇಶ್ ಎದುರಿಗೇ ಕೂತಿದ್ದ.

‘ಒರಿಜಿನಲ್ ಮೇಡಂ’ ಎಂದ ಅವನೇ. ‘ನಮ್ಮಕ್ಕ ಲೈಬ್ರರೀಲಿ ಕೂತು ಒಂದಕ್ಷರ ಬುಡ್ದಂಗೆ ನೋಡಿ ಬರ್ದವ್ಳೆ. ನೀವು ಬ್ಯಾರೆ ಏನ್ ತೆಗೆದ್ರೂ ಅದನ್ನ ತೆಗೀಬೇಡಿ. ಹೌದಾ ಅಲ್ವಾ ಹೇಳಕ್ಕ.’

‘ಹೂಂ’ ಎಂದಳು ಗಂಗಾಂಬಿಕೆ.

ಆ ಹುಡುಗಿ ಬರೆದುಕೊಂಡಳು. ನನಗೆ ಅಂದು ಏನೂ ತಿಳಿಯಲಿಲ್ಲ. ಸಾರು ಬಡಿಸಿದಾಗ ಉಪ್ಪು ಹಾಕಿಲ್ಲ ಎಂದು ಎಲ್ಲರೂ ನಕ್ಕೆವು.

ಮುಂದಿನ ಮೂರು ವರ್ಷ ಚನ್ನೇಶ್ ಬದುಕಿದ್ದೇ ಆ ಚಿತ್ರಕ್ಕಾಗಿ ಎನ್ನಬೇಕು. ಸೋನೆಯ ಪಾತ್ರಕ್ಕೆ ಯಾರನ್ನು ಹಾಕಿದರು, ಹಕ್ಕಿಯನ್ನು ನಿಜವಾದ ಕಲ್ಲಿನಲ್ಲಿ ಮಾಡುತ್ತಾರೋ ಕಂಪ್ಯೂಟರಿನಲ್ಲೋ, ಇದೇ ಮಾತು. ಜೆರಾಕ್ಸಿಗೆ ಬಂದವರಿಗೂ ಅದನ್ನೇ ಹೇಳುತ್ತಿದ್ದ. ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ರಂಗನಾಥ್ ಎನ್ನುವವರು ಆಧಾರ್ ನಕಲು ಮಾಡಿಸಲು ಬಂದು, ‘ಏನಪ್ಪ, ಹಾರೋ ಹಕ್ಕಿನೋ, ಹೊರೋ ಹಕ್ಕಿನೋ’ ಎಂದು ರೇಗಿಸುತ್ತಿದ್ದರು. ‘ಹೊರೋದು ಸಾ. ಹಾರೋದು ನಿಮ್ಮ ಫ್ಯಾಕ್ಟ್ರೀಲಿ ಮಾಡ್ಕಳಿ’ ಎನ್ನುತ್ತಿದ್ದ.

ಹೋದ ವರ್ಷ ಚಿತ್ರ ಬಂತು. ಮೊದಲ ದಿನವೇ ಮೂವರೂ ಹೋದೆವು. ಹೆಸರನ್ನೇ ಬದಲಾಯಿಸಿದ್ದರು. ಹಕ್ಕಿ ಹಾರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಮಾತಾಡುತ್ತಿತ್ತು, ನಗೆಹನಿ ಹೇಳುತ್ತಿತ್ತು. ಉಪ್ಪಿನ ಅರಸರ ಬದಲಿಗೆ ಒಬ್ಬ ಖಳನಾಯಕನಿದ್ದ. ಸೋನೆಗೆ ಒಬ್ಬ ಪ್ರಿಯಕರ ಬಂದು, ಹಕ್ಕಿಯನ್ನು ಅರ್ಧ ದಾರಿ ಅವನೇ ಹೊತ್ತ. ಹಿಂದಿನ ಸಾಲಿನಲ್ಲಿ ಮಕ್ಕಳು ಖುಷಿಯಾಗಿದ್ದವು. ಚನ್ನೇಶ್ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕೂತಿದ್ದ.

ಮಧ್ಯಂತರ ಕಳೆದ ಮೇಲೆ ಹೊಳೆ ಬಂತು. ಅಲ್ಲಿ ಮಾತ್ರ ಚಿತ್ರ ಶಾಂತವಾಯಿತು. ಹಾಡಿಲ್ಲ, ಪ್ರಿಯಕರನಿಲ್ಲ. ಅಂಬಿಗ ಕೂದಲಿನ ಕಪ್ಪು ಕೇಳಿದ. ಸೋನೆ ಹಕ್ಕಿಯನ್ನು ನೀರಿನ ಮೇಲಿಟ್ಟು ದೋಣಿಯಲ್ಲಿ ಮಲಗಿದಳು. ಬಹಳ ಹೊತ್ತು ಆಕಾಶ ಮಾತ್ರ. ಥಿಯೇಟರಿನಲ್ಲಿ ಯಾರೂ ಕೆಮ್ಮಲಿಲ್ಲ. ಚನ್ನೇಶ್ ಅಳುತ್ತಿದ್ದ. ಗಂಗಾಂಬಿಕೆ ಕಣ್ಣು ಮುಚ್ಚಿ, ಸೆರಗಿನೊಳಗೆ ಕೈಯಿಟ್ಟು, ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿದ್ದಳು. ಭಕ್ತಿಯಿಂದ ಎಂದು ನಾನು ತಿಳಿದೆ.

ಮನೆಗೆ ಬಂದ ಮೇಲೆ ಅವನು ಒಂದೇ ಮಾತು ಹೇಳಿದ. ‘ಎಲ್ಲಾ ಹಾಳ್ ಮಾಡಿದ್ರು ಕಣಕ್ಕ. ನಲವತ್ತು ವರ್ಷ ಕಾದಿದ್ದು ಇದಕ್ಕಾ ಅನ್ನಿಸ್ತು. ಆದ್ರೆ ಅದೊಂದು ಕಂತು ಇದ್ದಂಗೇ ತೋರ್ಸವ್ರೆ. ರಾಮಾಂಜಿನಯ್ಯನೋರು ಬರ್ದಿದ್ದು ಅಷ್ಟಾದ್ರೂ ಉಳೀತು. ನಿನ್ನಿಂದ.’

ಎರಡು ವಾರದ ಮೇಲೆ ದಿನಪತ್ರಿಕೆಯ ವಾಚಕರ ಪತ್ರಗಳಲ್ಲಿ ಕುಣಿಗಲಿನ ರೇವಣಸಿದ್ದಯ್ಯ ಎಂಬ ನಿವೃತ್ತ ಉಪಾಧ್ಯಾಯರ ಪತ್ರ ಬಂತು. ಚಿತ್ರದವರು ಮೂಲವನ್ನು ಹಲವು ಕಡೆ ತಿರುಚಿದ್ದಾರೆ, ಅದನ್ನೆಲ್ಲ ಕ್ಷಮಿಸಬಹುದು, ಆದರೆ ಸೋನೆ ಹಕ್ಕಿಯನ್ನು ಕೆಳಗಿಟ್ಟಳು ಎನ್ನುವುದನ್ನು ಕ್ಷಮಿಸಲಾಗದು, ಮೂಲದ ಆ ಸಂಚಿಕೆ ನನ್ನ ಬಳಿ ಇದೆ ಎಂದು ಬರೆದಿದ್ದರು.

ಚನ್ನೇಶನಿಗೆ ರೋಷ ಬಂತು. ‘ಮುದುಕ್ರಿಗೆ ಮರ್ತೋಗಿದೆ. ಭಾನುವಾರ ಕುಣಿಗಲ್‌ಗೆ ಹೋಗಿ ನಮ್ಮ ಪುಸ್ತಕಾನ ಮುಂದಿಟ್ಟು ಬರ್ತೀನಿ.’

ಮರುದಿನ ಸೋಮವಾರ. ನಾನು ಪೂಜೆ ಮುಗಿಸಿ ಎದ್ದಾಗ ಗಂಗಾಂಬಿಕೆ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಶಾಲೆಯ ಜಗಲಿಯಿಂದ ಹಿಡಿದು ಎಲ್ಲವನ್ನೂ ಅಂದು ಹೇಳಿದಳು. 

‘ಅವ್ನು ಅಲ್ಲಿಗೋಗೋಕ್ ಮುಂಚೆ ನಾನೇ ಹೇಳ್ಬೇಕು. ಹೇಳ್ತೀನಿ’ ಎಂದಳು.

‘ಹೇಳು’ ಎಂದೆ. ಇಂದೇ ಹೇಳು ಎನ್ನಬೇಕಿತ್ತು. ಎನ್ನಲಿಲ್ಲ.

ಆರು ದಿನ ಕಳೆದವು. ಪ್ರತಿ ಸಂಜೆ ಅವಳ ಮುಖ ನೋಡಿ ಇನ್ನೂ ಹೇಳಿಲ್ಲ ಎಂದು ತಿಳಿಯುತ್ತಿತ್ತು. ಭಾನುವಾರ ತಿಮ್ಮೇಶನ ವ್ಯಾನ್ ಬಂತು. ನಮ್ಮ ಬೀದಿಯವನೇ, ಬಾಡಿಗೆಗೆ ಓಡಿಸುತ್ತಾನೆ. ಗಂಗಾಂಬಿಕೆ ನನ್ನನ್ನೂ ಬಾ ಎಂದಳು. ಹೆಬ್ಬೂರಿನಲ್ಲಿ ಟೀ ಕುಡಿಯಲು ನಿಂತೆವು. ತಿಮ್ಮೇಶ್ ಕೆಳಗಿಳಿದ, ನಾನೂ ಬೇಕೆಂದೇ ಇಳಿದು ದೂರ ಹೋದೆ. ವ್ಯಾನಿನೊಳಗೆ ಅಕ್ಕ ತಮ್ಮ ಇಬ್ಬರೇ ಉಳಿದರು. ತಿರುಗಿ ಬಂದಾಗ ಅವನು ರೇವಣಸಿದ್ದಯ್ಯನವರಿಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡುತ್ತಿದ್ದ, ಅವಳು ಅವನ ಲೋಟ ಹಿಡಿದು ಕೂತಿದ್ದಳು. ಅವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

ರೇವಣಸಿದ್ದಯ್ಯನವರ ಮನೆ ದೊಡ್ಡಕೆರೆಯ ಏರಿಗೆ ಹತ್ತಿರ. ಎಂಬತ್ತು ದಾಟಿದವರು, ಹಣೆ ತುಂಬ ವಿಭೂತಿ. ಇಷ್ಟು ದೂರ ಕಥೆಗಾಗಿ ಬಂದಿದ್ದಾರೆ ಎಂದು ಅವರಿಗೆ ಬಹಳ ಸಂತೋಷ. ಗಂಗಾಂಬಿಕೆಯೂ ತಿಮ್ಮೇಶನೂ ಚನ್ನೇಶನನ್ನು ಎತ್ತಿ ತಂದು ಮಂಚದ ಮೇಲೆ ಕೂರಿಸಿದರು. ಮಂಡಕ್ಕಿ ಬಂತು.

‘ಸಾ, ತಪ್ಪು ತಿಳ್ಕೋಬೇಡಿ. ನೀವು ಬರ್ದಿದ್ದು ಸರಿಯಿಲ್ಲ. ನಮ್ಮತ್ರ ಪೂರ್ತಿ ಇದೆ’ ಎಂದ ಚನ್ನೇಶ್.

‘ನೋಡಾಣ ಕಣಪ್ಪ. ನಂದೇ ತಪ್ಪಿದ್ರೆ ಇನ್ನೊಂದು ಕಾಗದ ಬರ್ಯೋಣ, ಅದಕ್ಕೇನು’ ಎಂದು ಮುದುಕರು ಒಳಗೆ ಹೋಗಿ ಹಳೆಯ ಪಂಚೆಯಲ್ಲಿ ಸುತ್ತಿದ್ದ ಸಂಚಿಕೆಯನ್ನು ತಂದರು. ‘ನಂಗೆ ಕಣ್ಣು ಸಾಲ್ದು. ನೀನೇ ಓದು, ನಾವೂ ಕೇಳ್ತೀವಿ.’

ಅವನು ಗಟ್ಟಿಯಾಗಿ ಓದತೊಡಗಿದ. ಅಂಬಿಗ ಹಕ್ಕಿಯನ್ನು ಕೆಳಗಿಡು ಎನ್ನುತ್ತಾನೆ. ಸೋನೆ ಉತ್ತರ ಕೊಡುವುದಿಲ್ಲ. ದಡದ ಮೇಲೆ ನಿಲ್ಲುತ್ತಾಳೆ. ಮಳೆಗಾಲ ಬಂದು ಹೋಗುತ್ತದೆ. ಅಂಬಿಗ ಮುದುಕನಾಗಿ ಸಾಯುತ್ತಾನೆ. ಅವನ ಮಗ ಹುಟ್ಟು ಹಿಡಿದು ಬಂದು ಅದೇ ಮಾತು ಹೇಳುತ್ತಾನೆ. ಸೋನೆ ನಿಂತೇ ಇರುತ್ತಾಳೆ. ಕೂದಲು ಬೆಳ್ಳಗಾಗುತ್ತದೆ. ಎಷ್ಟೋ ವರ್ಷಕ್ಕೆ ಹೊಳೆ ಸೊರಗಿ, ಒಂದು ಬೇಸಿಗೆಯಲ್ಲಿ ಬತ್ತಿಹೋಗುತ್ತದೆ. ಅವಳು ಮರಳಿನ ಮೇಲೆ ನಡೆದು ದಾಟುತ್ತಾಳೆ.

ಓದುತ್ತಾ ಅವನ ದನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ಕೊನೆಯ ಸಾಲಿನ ತನಕ ಓದಿ, ಸಂಚಿಕೆಯ ತಾರೀಖು ನೋಡಿದ. ಆಮೇಲೆ ತಮ್ಮ ಪುಸ್ತಕ ತೆಗೆದು ಎಂಟು ಹಾಳೆಗಳನ್ನು ಒಂದೊಂದಾಗಿ ತಿರುವಿದ. ಅಕ್ಕನ ಕಡೆ ನೋಡಲಿಲ್ಲ.

‘ಎಲ್ಲಿ, ಅದನ್ನೂ ಓದು’ ಎಂದರು ಮುದುಕರು. ಅವನು ಅದನ್ನೂ ಓದಿದ. ಅವರು ಕಣ್ಣು ಮುಚ್ಚಿ ಕೇಳಿದರು.

‘ಚೆನ್ನಾಗೈತೆ. ಯಾರೋ ಮನಸ್ಸಿಟ್ಟು ಬರ್ದವ್ರೆ. ಬರೆದೋರಿಗೆ ಭಾರೀ ಸುಸ್ತಾಗಿತ್ತು ಅಂತ ಕಾಣ್ತದೆ ಪಾಪ. ಯಾರಪ್ಪ ಬರ್ದಿದ್ದು?’

‘ನಮ್ಮಕ್ಕ’ ಎಂದ ಚನ್ನೇಶ್. ‘ಹದಿನಾಲ್ಕು ವರ್ಷದೋಳಿದ್ದಾಗ.’

ಮುದುಕರಿಗೆ ತಾವೇನು ಹೇಳಿದೆವೆಂದು ಗೊತ್ತಾಗಲಿಲ್ಲ. ‘ಹೌದಾ ತಾಯಿ. ಮುಂದೆ ಬರೀಬೇಕಾಗಿತ್ತು ನೀವು’ ಎಂದು ಗಂಗಾಂಬಿಕೆಗೆ ಬಾಳೆಹಣ್ಣು ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹೊರಡುವಾಗ ಎತ್ತಲು ಅವಳು ಬಂದಳು. ಚನ್ನೇಶ್ ಕೈ ಅಡ್ಡ ಹಿಡಿದು, ‘ತಿಮ್ಮೇಶ್, ನೀನೊಬ್ನೇ ಎತ್ತಪ್ಪ, ಆಯ್ತದೆ’ ಎಂದ.

ಹೆಬ್ಬೂರು ದಾಟಿತು. ಆಮೇಲೆ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ.

‘ಅಷ್ಟು ಭಾರ ಇದ್ನೇನಕ್ಕ ನಾನು?’

ಗಂಗಾಂಬಿಕೆ ಇಲ್ಲ ಎಂದುಬಿಟ್ಟಿದ್ದರೆ ಅವನು ನಂಬುತ್ತಿದ್ದನೇನೋ. ಆದರೆ ಅವಳು ಇನ್ನು ಸುಳ್ಳು ಹೇಳುವುದಿಲ್ಲ ಎಂದು ಆ ಸೋಮವಾರ ನನ್ನೆದುರಿಗೇ ದೇವರ ಮುಂದೆ ಹೇಳಿಕೊಂಡಿದ್ದಳು.

‘ಆ ವರ್ಷ ಭಾರ ಇದ್ದೆ ಕಣೋ’ ಎಂದಳು. ‘ಶಾಲೆ ಬಿಡ್ಸಿದ್ರಲ್ಲ. ಬರ್ಯೋವಾಗ ನಿನ್ನ ನೆನಸ್ಕೊಂಡು ಬರೀಲಿಲ್ಲ. ನನ್ನ ಕತ್ತು ನೋಯ್ತಿತ್ತು, ಅದನ್ನ ಬರ್ದೆ.’

‘ಶಾಲೆ ನಿಂಗೆ ಇಷ್ಟ ಇತ್ತಾ?’

‘ಇತ್ತು.’

‘ನಲವತ್ತು ವರ್ಷ ಪಾಯಸ ಮಾಡಿಸ್ಕೊಂಡು ಕುಡಿದೆ ನಾನು’ ಎಂದ ಅವನು. ಅಷ್ಟೇ.

ಮರುದಿನ ಚನ್ನೇಶ್ ಕುಣಿಗಲಿನಲ್ಲಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದಿದ್ದ ಸಂಚಿಕೆಯ ಪುಟಗಳನ್ನು ಫೇಸ್‌ಬುಕ್ಕಿನ ಗುಂಪಿನಲ್ಲಿ ಹಾಕಿ, ‘ನಮ್ಮ ಪ್ರತಿಯಲ್ಲಿದ್ದ ಮೂವತ್ತೊಂದನೆಯ ಕಂತು ಮೂಲದ್ದಲ್ಲ. ಚಿತ್ರದವರದು ತಪ್ಪಲ್ಲ, ನಮ್ಮದು. ಕ್ಷಮಿಸಿ’ ಎಂದು ಬರೆದ. ಹನ್ನೆರಡು ಜನ ಹೆಬ್ಬೆರಳು ಒತ್ತಿದರು. ಒಬ್ಬರು ಚಿತ್ರ ಓಟಿಟಿಗೆ ಯಾವಾಗ ಬರುತ್ತದೆ ಎಂದು ಕೇಳಿದ್ದರು. ನಂದಿತಾಳಿಗೆ ಫೋನ್ ಮಾಡಿದ. ‘ಅಯ್ಯೋ ಪರವಾಗಿಲ್ಲ ಸರ್, ಜನಕ್ಕೆ ಇಷ್ಟ ಆಗಿರೋದೇ ಆ ಸೀನು. ಅದು ಮೂಲದಲ್ಲಿ ಇಲ್ಲ ಅಂದ್ರೆ ನಮ್ ಟೀಮಿಗೇ ಒಳ್ಳೇ ಹೆಸ್ರು’ ಎಂದಳಂತೆ. ಈಗ ಯಾರನ್ನು ಕೇಳಿದರೂ ಸೋನೆ ಎಂದರೆ ದೋಣಿಯಲ್ಲಿ ಮಲಗಿದ ಹುಡುಗಿ. ದಡದಲ್ಲಿ ನಿಂತು ಮುದುಕಿಯಾದವಳನ್ನು ಬಲ್ಲವರು ಬೆರಳೆಣಿಕೆಯ ಜನ. ಅವರಲ್ಲಿ ಇಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದಾರೆ, ಆ ಮಾತೆತ್ತುವುದಿಲ್ಲ. ಈ ವರ್ಷ ಶ್ರಾವಣದಲ್ಲಿ ಓದಲಿಲ್ಲ.

ಜಗಳವೂ ಇಲ್ಲ. ಮೊದಲೆಲ್ಲ ಗೋಡೆಯಾಚೆಯಿಂದ ಅವನ ಗದರಿಕೆ ಕೇಳುತ್ತಿತ್ತು. ‘ಎಷ್ಟೊತ್ತೇ, ಸ್ನಾನಕ್ಕೆ ಎತ್ತಾಕು ಬಾರೇ’ ಎನ್ನುತ್ತಿದ್ದ. ಅವಳು, ‘ಬಂದೆ ಕಣ್ಲಾ, ಮಾರಾಜ’ ಎನ್ನುತ್ತಿದ್ದಳು. ಈಗ ಅವನು ದನಿ ಎತ್ತುವುದಿಲ್ಲ. ‘ನಿಂಗೆ ಕೆಲ್ಸ ಇಲ್ದಿದ್ರೆ ಒಂದ್ ಲೋಟ ನೀರು ಕೊಡ್ತೀಯಾಕ್ಕ’ ಎಂದು ಕೇಳುತ್ತಾನೆ. ಕೊಟ್ಟರೆ ‘ಥ್ಯಾಂಕ್ಸ್’ ಎನ್ನುತ್ತಾನೆ. ಆ ಮಾತು ಕೇಳಿದಾಗಲೆಲ್ಲ ಅವಳು ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಾಳೆ.

‘ಬೈದಿದ್ರೆ ಚೆನ್ನಾಗಿತ್ತು’ ಎಂದಳು ಒಮ್ಮೆ ನನಗೆ. ‘ನನ್ನ ನೋಡಿದ್ರೆ ಹೊರ್ಸಿದ್ದೇ ನೆನಪಾಗ್ತದೇನೋ ಅವ್ನಿಗೆ. ಹೊತ್ತಿದ್ದು ನಂಗೆ ಬ್ಯಾಸರ ಇರ್ಲಿಲ್ಲ ಅಂತ ಇನ್ಯಾವ್ ಬಾಯಲ್ಲಿ ಹೇಳ್ಲಿ. ಒಂದ್ಸಲ ಸುಳ್ಳು ಹೇಳ್ದೋಳು.’

ನನ್ನ ಪೂಜೆಯಲ್ಲಿ ಅವರಿಬ್ಬರ ಹೆಸರನ್ನೂ ಹೇಳುತ್ತೇನೆ. ಅಷ್ಟರಿಂದ ಏನೂ ಸರಿಹೋದ ಹಾಗೆ ಕಾಣುವುದಿಲ್ಲ.

ಹೋದ ತಿಂಗಳು ಅವನು ಗಾರೆಯವರನ್ನು ಕರೆಸಿ, ಮನೆ ಮುಂದಿನ ಮೂರು ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದ. ಸ್ಕೂಟರಿನಿಂದ ಇಳಿಯಲು ಒಂದು ಗಾಲಿಕುರ್ಚಿ ತರಿಸಿದ. ಸಿಮೆಂಟ್ ಒಣಗಿದ ಮೊದಲ ಸಂಜೆ ನಾನು ಬಾಗಿಲಲ್ಲಿ ಹೂ ಕಟ್ಟುತ್ತಿದ್ದೆ. ಸ್ಕೂಟರಿನ ಸದ್ದು ಕೇಳಿ ಗಂಗಾಂಬಿಕೆ ಅವನನ್ನು ಎತ್ತಿಕೊಳ್ಳಲು ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಅವನು ತೋಳಿನ ಬಲದಲ್ಲೇ ಕುರ್ಚಿಗೆ ಜರುಗಿ, ಗಾಲಿ ತಳ್ಳುತ್ತಾ ಇಳಿಜಾರು ಹತ್ತತೊಡಗಿದ. ಅರ್ಧಕ್ಕೆ ಉಸಿರು ಕಟ್ಟಿ ನಿಂತ. ಕುರ್ಚಿ ಒಂದು ಗೇಣು ಹಿಂದಕ್ಕೆ ಜಾರಿತು. ಅವಳು ಕೈ ಚಾಚಿ ಎರಡು ಹೆಜ್ಜೆ ಇಟ್ಟಳು.

‘ಬ್ಯಾಡಕ್ಕ, ನೀನು ಕೂತ್ಕೋ’ ಎಂದ ಅವನು ಮೆಲ್ಲಗೆ. ‘ದಣಿದಿರ್ತೀಯ.’

ಅವಳು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಳು. ಅವನು ಮೇಲೆ ಬರುವ ತನಕ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.